ಯಾವುದೂ ನಮ್ಮದಲ್ಲದ ಮನೆ

ನಮ್ಮ ಮನೆಯಲ್ಲಿ ಹಂಚಿನ ಮೇಲೆ ಬೆಂದ ಮೊದಲ ರೊಟ್ಟಿಯನ್ನು ಯಾರೂ ತಿನ್ನುವಂತಿರಲಿಲ್ಲ. ಅದು ಒಡೆಯನ ರೊಟ್ಟಿ, ಅಂದರೆ ದೇವರದು. ಅವ್ವ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಗೂಡಿನಲ್ಲಿ ಇಡುತ್ತಿದ್ದಳು. ಮಧ್ಯಾಹ್ನ ಎರಡರೊಳಗೆ ಬಾಗಿಲಿಗೆ ಹಸಿದು ಯಾರೇ ಬರಲಿ, ಅದು ಅವರಿಗೆ. ಯಾರೂ ಬರದಿದ್ದರೆ ಆ ವಾರದ ಸರದಿ ನನ್ನದೋ ತಮ್ಮ ಸಾಮುವಿನದೋ ನೋಡಿ, ಸರದಿಯವರು ಓಣಿ ತಿರುಗಿ ಹಸಿದವರನ್ನು ಹುಡುಕಿ ಕೊಟ್ಟು ಬರಬೇಕು. ಆಕಳಿಗೆ ಹಾಕಿದರೆ ಲೆಕ್ಕಕ್ಕಿಲ್ಲ. ಒಮ್ಮೆ ಯಾರೂ ಸಿಗದೆ ಸಾಮು ಅಂಚೆಯವನ ಬೆನ್ನು ಹತ್ತಿದ. ಆತ ಊಟ ಮಾಡಿ ಬಂದಿದ್ದ, ಬೇಡವೆಂದ, ಇವನು ಬಿಡಲಿಲ್ಲ, ಕೊನೆಗೆ ಆತ ಸೈಕಲ್ಲು ಜೋರಾಗಿ ತುಳಿದು ಪಾರಾದ. ಈಗ ಹೇಳುವಾಗ ನಗು ಬರುತ್ತದೆ. ಆಗ ಅವನು ಅಳುತ್ತ ಮನೆಗೆ ಬಂದಿದ್ದ, ಏಕೆಂದರೆ ಬಾಗಿಲಿಗೆ ಬರುವ ಯಾರು ಬೇಕಾದರೂ ವೇಷ ಮರೆಸಿಕೊಂಡ ಒಡೆಯನೇ ಆಗಿರಬಹುದು ಎಂದು ಅವ್ವ ನಮಗೆ ಕಲಿಸಿದ್ದಳು. ಅದನ್ನು ಅವಳು ಪ್ರೀತಿಯ ಮಾತಾಗಿಯೇ ಹೇಳಿರಬೇಕು. ನನಗೆ ಮಾತ್ರ ಅದು ಬೆದರಿಕೆಯಾಗಿ ಕೇಳಿಸಿತು. ಬಾಗಿಲು ಬಡಿದಾಗಲೆಲ್ಲ ಬಂದವನು ಅವನೇ ಎಂದುಕೊಳ್ಳುತ್ತಿದ್ದೆ. ಇಂದಿಗೂ, ನನ್ನದೇ ಮನೆಯಲ್ಲಿ, ಕಾಲಿಂಗ್ ಬೆಲ್ ಸದ್ದಾದರೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ.

ಬ್ಯಾಡಗಿಯ ಆ ಬಾಡಿಗೆ ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ. ಮೆಣಸಿನಕಾಯಿ ಪೇಟೆ ಅಲ್ಲಿಂದ ದೂರವಿರಲಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಗಾಳಿ ನಮ್ಮ ಕಡೆ ತಿರುಗಿತೆಂದರೆ ಪಾಠದ ನಡುವೆ ಮೂವರೂ ಸೀನುತ್ತಿದ್ದೆವು. ಪಾಠ ಎಂದೆನಲ್ಲ, ನಮಗೆ ಶಾಲೆಯೂ ಆ ಮನೆಯೇ. ಅವ್ವ ಮುಂಬಾಗಿಲಿನ ಒಳಮೈಗೆ ಕಪ್ಪು ಬಣ್ಣ ಹಚ್ಚಿಸಿ ಅದನ್ನೇ ಹಲಗೆ ಮಾಡಿಕೊಂಡಿದ್ದಳು. ಬಾಗಿಲು ಮುಚ್ಚಿದರೆ ಶಾಲೆ ಶುರು. ಯಾರಾದರೂ ಬಂದು ಬಾಗಿಲು ತೆರೆದರೆ ಹಲಗೆ ಗೋಡೆಯ ಕಡೆ ತಿರುಗಿಬಿಡುತ್ತಿತ್ತು. ಬಂದವರಿಗೆ ಒಂದು ಚಾಪೆ, ಒಂದು ಹೊಲಿಗೆ ಯಂತ್ರ, ಬಾಯಿ ಮುಚ್ಚಿ ಕುಳಿತ ಇಬ್ಬರು ಮಕ್ಕಳು ಇಷ್ಟೇ ಕಾಣುತ್ತಿದ್ದವು. ಈ ಉಪಾಯ ಅವ್ವನದೇ. ಬೇರೆ ಯಾವ ಗೋಡೆಯ ಮೇಲೂ ಬರೆಯಬಾರದು ಎಂದು ಅವಳು ಕಟ್ಟುನಿಟ್ಟು ಮಾಡಿದ್ದಳು. ಬಡಿದ ಸದ್ದು ಕೇಳಿದ ಕೂಡಲೇ ನಾವು ಪಾಟಿಗಳನ್ನು ಚಾಪೆಯ ಕೆಳಗೆ ತಳ್ಳಬೇಕಿತ್ತು. ನನ್ನ ಕೈ ಎಷ್ಟು ಚುರುಕಾಗಿತ್ತೆಂದರೆ ಬಾಗಿಲ ಚಿಲಕ ತೆಗೆಯುವುದರೊಳಗೆ ಕೋಣೆ ಪೂರಾ ಬೇರೆಯಾಗಿರುತ್ತಿತ್ತು.

ಅವ್ವ ಮೊದಲಿನಿಂದ ಹೀಗಿರಲಿಲ್ಲ. ರಾಣೆಬೆನ್ನೂರಿನ ಒಂದು ಖಾಸಗಿ ಶಾಲೆಯಲ್ಲಿ ಅವಳು ಕಲಿಸುತ್ತಿದ್ದಳು, ನಾನು ಅಲ್ಲಿಯೇ ಎರಡನೆಯ ತರಗತಿಯವರೆಗೆ ಓದಿದೆ. ಆಗ ಅವಳದು ದೊಡ್ಡ ದನಿ, ದೊಡ್ಡ ನಗು. ಒಂದು ಚಳಿಗಾಲ, ಅವಳ ತರಗತಿಯ ಹುಡುಗಿಯೊಬ್ಬಳು ತೆಳುವಾದ ಅಂಗಿಯಲ್ಲಿ ನಡುಗುತ್ತ ಕುಳಿತದ್ದನ್ನು ನೋಡಲಾರದೆ ನನ್ನ ಕೆಂಪು ಸ್ವೆಟರ್ ಒಯ್ದು ತೊಡಿಸಿದಳು. ಕ್ರಿಸ್‌ಮಸ್‌ಗೆ ಇನ್ನು ನಾಲ್ಕು ದಿನ ಇತ್ತು. ಮರುದಿನ ಹುಡುಗಿಯ ಅಪ್ಪ ಇನ್ನೂ ಕೆಲವರನ್ನು ಕರೆದುಕೊಂಡು ಬಂದು ಶಾಲೆಯ ಅಂಗಳದಲ್ಲಿ ಆ ಸ್ವೆಟರನ್ನು ಅವ್ವನ ಕಾಲ ಬಳಿ ಎಸೆದ. "ಇವತ್ತ ಸ್ವೆಟರ್ ಕೊಡ್ತಾಳ, ನಾಳೆ ನಮ್ಮ ದೇವರನ್ನ ಬಿಡ್ರಿ ಅಂತಾಳ" ಎಂದು ಕೂಗಿದ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವ್ವ ಬಗ್ಗಿ ಸ್ವೆಟರ್ ಎತ್ತಿಕೊಂಡಳು, ಮಣ್ಣು ಜಾಡಿಸಿದಳು. ನಾಳೆಯಿಂದ ಬರುವುದು ಬೇಡ ಎಂದು ಶಾಲೆಯವರು ಸಂಜೆ ಹೇಳಿದರು. ಅಪ್ಪ ಗೂಡ್ಸ್ ಟೆಂಪೊ ಓಡಿಸುತ್ತಿದ್ದ, ಅವನಿಗೆ ಹೆಚ್ಚಿನ ಬಾಡಿಗೆ ಸಿಗುತ್ತಿದ್ದುದು ಬ್ಯಾಡಗಿಯಲ್ಲಿ. ಹೊಸ ವರ್ಷ ಬರುವುದರೊಳಗೆ ನಮ್ಮ ಸಾಮಾನು ಅದೇ ಟೆಂಪೊದಲ್ಲಿ ಈ ಮನೆಗೆ ಬಂತು. ಮಕ್ಕಳನ್ನು ಇನ್ನು ಯಾವ ಶಾಲೆಗೂ ಕಳಿಸುವುದಿಲ್ಲ, ತಾನೇ ಕಲಿಸುತ್ತೇನೆ ಎಂದು ಅವ್ವ ಹಟ ಹಿಡಿದಳು. ಕೊಡುವುದನ್ನೂ ಬಿಡುವುದಿಲ್ಲ ಎಂದಳು. ಕೊಡುವ ರೀತಿ ಮಾತ್ರ ಬದಲಾಯಿತು. ಕೊಡುವಾಗ ಮಾತಾಡಬಾರದು. ಹೆಸರು ಕೇಳಬಾರದು, ಹೇಳಬಾರದು. ನಮ್ಮ ಹಬ್ಬದ ವಾರದಲ್ಲಿ ಯಾರಿಗೂ ಬಟ್ಟೆ, ಸಿಹಿ ಕೊಡಬಾರದು. ಯಾರಿಗೆ ಏನು ಕೊಟ್ಟೆವೆಂದು ಹೊರಗೆ ಬಾಯಿ ಬಿಡಲೇಬಾರದು. ಗುಟ್ಟಾಗಿ ಕೊಟ್ಟದ್ದೇ ಮೇಲೆ ಮುಟ್ಟುತ್ತದೆ ಎಂದು ಅವಳು ಹೇಳುತ್ತಿದ್ದಳು. ಅದು ನಂಬಿಕೆಯ ಮಾತೋ ಅಂಜಿಕೆಯ ಮಾತೋ ಎಂದು ಬಿಡಿಸಿ ನೋಡುವ ವಯಸ್ಸು ನನ್ನದಾಗಿರಲಿಲ್ಲ. ನಾನು ಹೇಳಹೊರಟ ವರ್ಷ, ಬ್ಯಾಡಗಿಗೆ ಬಂದು ಎರಡು ವರ್ಷ ಕಳೆದ ಮೇಲೂ, ನನಗೆ ಹತ್ತೇ ವರ್ಷ.

ಬೆಳಿಗ್ಗೆ ಎಂಟಕ್ಕೆ ಪ್ರಾರ್ಥನೆ, ಅದೂ ಪಿಸುದನಿಯಲ್ಲಿ. ಆಮೇಲೆ ಕನ್ನಡ, ಗಣಿತ, ಇಂಗ್ಲಿಷು. ಜೋಳದ ಕಾಳು ಇಟ್ಟು ಭಾಗಾಕಾರ ಕಲಿಸುತ್ತಿದ್ದಳು, ಶೇಷ ಉಳಿದ ಕಾಳು ಗುಬ್ಬಿಗೆ. ಹನ್ನೊಂದಕ್ಕೆ ಪಾರುಪತ್ಯದ ಪಾಠ. ಪಾರುಪತ್ಯಗಾರ ಎಂದರೆ ದೊಡ್ಡ ಮನೆಯೊಂದರ ಕೀಲಿಕೈ ಹಿಡಿದು, ಒಡೆಯನ ಸೊತ್ತನ್ನು ಒಡೆಯನ ಮನಸ್ಸಿನಂತೆ ನೋಡಿಕೊಳ್ಳುವವನು. ವಾರಕ್ಕೊಬ್ಬರು ನಾವು ಪಾರುಪತ್ಯಗಾರರು. ನೀರಿನ ಕೊಡ, ಕಾಳಿನ ಡಬ್ಬಿಗಳು, ಬಾಗಿಲು, ಈ ಮೂರೂ ಆ ವಾರ ಆ ಮಗುವಿನ ಸುಪರ್ದು. ಪಾಠ ಶುರುವಾಗುವಾಗ ಅವ್ವ ನಡೆದಾಡುತ್ತ ಒಂದೊಂದೇ ವಸ್ತುವನ್ನು ಮುಟ್ಟಿ ಕೇಳುತ್ತಿದ್ದಳು:

"ಈ ಕೊಡ ಯಾರದು?"

"ಒಡೆಯಂದು."

"ಈ ಜ್ವಾಳ?"

"ಒಡೆಯಂದು."

"ನಿನ್ನ ಮೈಮ್ಯಾಲಿನ ಅಂಗಿ?"

"ಒಡೆಯಂದು."

"ಹಂಗಾರ ನೀ ಯಾರು?"

"ನೋಡಿಕೊಳ್ಳಾಕ ಇರಾಕಿ."

ಹೀಗೆ ಹೇಳಿ ಹೇಳಿ ನನಗೆ ಒಂದು ಅಭ್ಯಾಸವಾಗಿ ಹೋಗಿತ್ತು. ಯಾವ ವಸ್ತುವನ್ನು ನೋಡಿದರೂ ಅದರ ಹಿಂದೆ ಯಾರೋ ನಿಂತು ನನ್ನನ್ನು ಗಮನಿಸುತ್ತಿದ್ದಾರೆ ಅನ್ನಿಸುತ್ತಿತ್ತು. ನೀರು ಚೆಲ್ಲಿದರೆ ಸುತ್ತ ನೋಡುತ್ತಿದ್ದೆ. ಪೆನ್ಸಿಲ್ಲು ಮುರಿದರೆ ತುಂಡುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಸಾಮುವಿಗೆ ಏಳು ವರ್ಷ, ಅವನು ಇಷ್ಟೆಲ್ಲ ಹಚ್ಚಿಕೊಳ್ಳುವ ಪೈಕಿ ಅಲ್ಲ. ಒಡೆಯನಿಗೆ ಬೆಲ್ಲ ಅಂದರೆ ಇಷ್ಟವೋ ಇಲ್ಲವೋ ಎಂದು ಅವ್ವನನ್ನೇ ಕೇಳಿ ಬೈಸಿಕೊಂಡಿದ್ದ.

ಶನಿವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಒಪ್ಪಿಸುವ ದಿನ. ಕರಿ ಬಾಗಿಲಿಗೆ ಬೆನ್ನು ಹಚ್ಚಿ ನಿಲ್ಲಬೇಕು. ಅವ್ವ ಚಾಪೆಯ ಮೇಲೆ ಕುಳಿತು ಮೂರೇ ಪ್ರಶ್ನೆ ಕೇಳುವಳು. ನಿನ್ನ ಕೈಗೆ ಏನು ಬಂತು? ಯಾರಿಗೆ ಏನು ಕೊಟ್ಟೆ? ಏನು ಮುಚ್ಚಿಟ್ಟೆ? ಮೊದಲೆರಡು ಸುಲಭ. ಕಷ್ಟ ಮೂರನೆಯದು. ಮುಚ್ಚಿಡದೆ ಇದ್ದರೂ ಏನೋ ಮುಚ್ಚಿಟ್ಟಿದ್ದೇನೆ ಅನ್ನಿಸುತ್ತಿತ್ತು, ಇಲ್ಲದ ತಪ್ಪನ್ನು ಹುಡುಕಿ ಒಪ್ಪಿಕೊಂಡ ಶನಿವಾರಗಳೂ ಇವೆ. ಅವ್ವ ಬಡಿಯುತ್ತಿರಲಿಲ್ಲ. ಕಣ್ಣು ಮುಚ್ಚಿ ನನ್ನ ಪರವಾಗಿ ಕ್ಷಮೆ ಬೇಡುತ್ತಿದ್ದಳು. ಒಂದು ಏಟು ಕೊಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಪ್ಪನಿಗೆ ಇದೊಂದೂ ಸರಿಬರುತ್ತಿರಲಿಲ್ಲ. ವಾರವಿಡೀ ಗಾಡಿಯ ಮೇಲಿರುವ ಮನುಷ್ಯ, ಶನಿವಾರ ರಾತ್ರಿ ಬಂದು ಭಾನುವಾರ ನಮ್ಮನ್ನು ಟೆಂಪೊದಲ್ಲಿ ಕೂರಿಸಿಕೊಂಡು ಹಾವೇರಿಯ ಚರ್ಚಿನ ಸಭೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ಮಾತ್ರ ನಾವು ಗಂಟಲು ಬಿಟ್ಟು ಹಾಡುತ್ತಿದ್ದೆವು. ಒಂದು ಭಾನುವಾರ ವಾಪಸು ಬಂದು ಊಟಕ್ಕೆ ಕುಳಿತಾಗ ಓಣಿಯಲ್ಲಿ ಯಾರೋ ಜೋರಾಗಿ ಮಾತಾಡಿದ ಸದ್ದಿಗೆ ನಾನೂ ಸಾಮುವೂ ತಾಟು ಬಿಟ್ಟು ಒಳಕೋಣೆಗೆ ಓಡಿದೆವು. ಅಪ್ಪ ತುತ್ತು ಕೆಳಗಿಟ್ಟ.

"ಮಕ್ಕಳಿಗೆ ಕೊಡೂದು ಕಲಸಾಕತ್ತೀಯೋ, ಅಂಜೂದು ಕಲಸಾಕತ್ತೀಯೋ?"

"ಅಂಜಿಕಿ ಇಲ್ಲದ ಕೊಟ್ಟು ನೋಡೇನ್ರಿ ನಾ. ಏನಾತು?" ಎಂದಳು ಅವ್ವ.

"ಆ ಊರ ಬ್ಯಾರೆ, ಈ ಊರ ಬ್ಯಾರೆ. ನಾಳೆ ಸಾಲಿಗೆ ಹೆಸರ ಹಚ್ಚಿ ಬರ್ತೇನಿ."

"ಹಚ್ರಿ. ನನ್ನ ಹೆಣಾ ದಾಟಿ ಹೋಗಿ ಹಚ್ರಿ."

ಅಪ್ಪ ಕೈ ತೊಳೆದು ಎದ್ದುಹೋದ. ಅವರ ಜಗಳ ಯಾವಾಗಲೂ ಇಷ್ಟೇ ಉದ್ದ. ಆದರೆ ಆ ದಿನದಿಂದ ನನಗೊಂದು ಹೊಸ ಭಯ ಹತ್ತಿತು. ನಮ್ಮಿಂದ ಏನಾದರೂ ದೊಡ್ಡ ತಪ್ಪಾದರೆ ಈ ಊರೂ ನಮ್ಮನ್ನು ಹೊರಹಾಕುತ್ತದೆ, ಆಗ ಟೆಂಪೊ ಎಲ್ಲಿಗೆ ಹೋಗುತ್ತದೆ? ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಲು ವರ್ಷಕ್ಕೊಮ್ಮೆ ಇಬ್ಬರು ಮೇಡಂಗಳು ಓಣಿಗೆ ಬರುತ್ತಿದ್ದರು. ಅವರು ಬಂದ ದಿನ ಹಿತ್ತಲಿನ ಬಚ್ಚಲಲ್ಲಿ ಸಾಮುವಿನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿರುತ್ತಿದ್ದೆ. ಬಾಗಿಲಲ್ಲಿ ನಿಂತು ಅವರನ್ನು ಸಾಗಹಾಕುತ್ತಿದ್ದವಳು ಅವ್ವ ಅಲ್ಲ, ಪಕ್ಕದ ಮನೆಯ ನೀಲವ್ವ.

"ಅಕ್ಕೋರು ಮನ್ಯಾಗ ಕಲಸ್ತಾರ್ರಿ. ನಿಮ್ಮ ಸಾಲ್ಯಾಗ ಕಲಿಯೋ ಹುಡುಗರಕಿಂತ ಛಲೋ ಓದತಾವ. ಬಿಸಲಾಗ ಯಾಕ ನಿಂತೀರಿ, ಮುಂದಿನ ಮನಿಗೆ ಹೋಗ್ರಿ" ಎನ್ನುತ್ತಿದ್ದಳು. ಶಿಕ್ಷಕಿಯರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಆ ಓಣಿಯಲ್ಲಿ ಅವ್ವನನ್ನು ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ.

ನೀಲವ್ವನಿಗೆ ಅರವತ್ತು ದಾಟಿತ್ತು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ, ಓಣಿಯ ಅರ್ಧ ಜನಕ್ಕೆ ಅವಳ ಮಾತೆಂದರೆ ಮಾತು. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಊರ ಹೊರಗೆ ಎರಡೆಕರೆ ಹೊಲ, ಅದರಲ್ಲಿ ಪ್ರತಿ ವರ್ಷ ಮೆಣಸಿನಗಿಡ. ಸುತ್ತಲಿನವರೆಲ್ಲ ರಾಣೆಬೆನ್ನೂರಿನ ಅಂಗಡಿಗಳಿಂದ ಪ್ಯಾಕೆಟ್ ಬೀಜ ತರುತ್ತಿದ್ದರು. ನೀಲವ್ವ ತರುತ್ತಿರಲಿಲ್ಲ. ತನ್ನ ಅತ್ತೆ ಕೊಟ್ಟ ಬೀಜದಿಂದ ಬಂದ ಗಿಡಗಳಲ್ಲಿ ಒಳ್ಳೆಯ ಗಿಡ ನೋಡಿ, ಆ ಗಿಡದಲ್ಲಿ ಒಳ್ಳೆಯ ಕಾಯಿ ನೋಡಿ, ಉದ್ದವಾದ, ಸುಕ್ಕು ಬಿದ್ದ, ಕಪ್ಪುಗೆಂಪು ಕಾಯಿಗಳನ್ನಷ್ಟೇ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಮುಂಗಾರಿನವರೆಗೆ ಕಾಪಾಡುತ್ತಿದ್ದಳು. ಅವಳ ಮನೆಗೆ ಗ್ಯಾಸ್ ಬಂದ ಮೇಲೆ ಅಡುಗೆಮನೆಯಲ್ಲಿ ಹೊಗೆ ಇಲ್ಲದಾಯಿತು, ಬೀಜದ ಕಾಯಿಗೆ ಹುಳ ಬೀಳತೊಡಗಿತು. ನಮ್ಮಲ್ಲಿ ಇನ್ನೂ ಕಟ್ಟಿಗೆಯ ಒಲೆ. ಹಾಗಾಗಿ ಒಂದು ದಿನ ಗಂಟು ಹಿಡಿದುಕೊಂಡು ಬಂದು, "ಅಕ್ಕೋರ, ನಿಮ್ಮ ಒಲಿ ಮ್ಯಾಲೆ ಜಂತಿಗೆ ಇದನ್ನ ತೂಗ ಹಾಕ್ರಿ. ನಿಮ್ಮ ಮನ್ಯಾಗ ಇದ್ರ ನನಗ ಚಿಂತಿ ಇಲ್ಲ" ಎಂದಳು. ಅವ್ವನ ಮುಖ ಆ ದಿನ ಬೆಳಗಿದ್ದು ನೆನಪಿದೆ. ಸ್ವೆಟರಿನ ಸಂಗತಿ ನಡೆದ ಮೇಲೆ ನಮ್ಮನ್ನು ನಂಬಿ ಯಾರಾದರೂ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ಕಟ್ಟಿಗೆ ಒಟ್ಟಿದ ಮೂಲೆಯ ಮೇಲೆ, ಕೊಕ್ಕೆಯೊಂದಕ್ಕೆ ಗಂಟು ತೂಗಿತು. ತಲೆಯೆತ್ತಿ ನೋಡಿದರಷ್ಟೇ ಕಾಣುತ್ತಿತ್ತು.

ಆ ವರ್ಷದ ಬಿರುಬೇಸಿಗೆಯ ಒಂದು ಮಂಗಳವಾರ. ವಾರ ನನ್ನದು. ಹಿಂದಿನ ದಿನವಷ್ಟೇ ಅವ್ವ ಪಾಠದಲ್ಲಿ ಒಂದು ಮಾತು ಹೇಳಿದ್ದಳು: ಬೇಡವಾದದ್ದನ್ನು ಕೊಡುವುದು ಕೊಡುವುದೇ ಅಲ್ಲ, ಮನೆಯಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿದೆಯೋ ಅದನ್ನೇ ಕೊಡಬೇಕು. ಮಂಗಳವಾರ ಮಧ್ಯಾಹ್ನ ಅವಳು ರೇಷನ್ ತರಲು ಹೋಗಿದ್ದಳು, ಸಾಮು ಅವಳ ಜೊತೆ. ಬಾಗಿಲು ಬಡಿಯಿತು. ಪಾಟಿ ತಳ್ಳಿ, ಚಿಲಕ ತೆಗೆದೆ. ಒಬ್ಬ ಹೆಂಗಸು, ಸೊಂಟದ ಮೇಲೊಂದು ಕೂಸು, ಕಾಲಿಗೆ ಚಪ್ಪಲಿ ಇಲ್ಲ. ದೇವರಗುಡ್ಡಕ್ಕೆ ಹರಕೆ ಹೊತ್ತು ನಡೆದು ಹೊರಟವಳಂತೆ. ನಾನು ಮಾತಾಡದೆ ಒಡೆಯನ ರೊಟ್ಟಿ ತಂದು ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ನಿಂತೇ ಇದ್ದಳು.

"ಕಾರಾ ಏನರ ಐತೇನವಾ? ಬರೇ ರೊಟ್ಟಿ ಗಂಟಲಾಗ ಇಳಿಯಾಂಗಿಲ್ಲ. ದಾರಿಗೂ ಆಗ್ತೈತಿ."

ಒಳಗೆ ಹೋದೆ. ಚಟ್ನಿ ಮುಗಿದಿತ್ತು. ಡಬ್ಬಿಯಲ್ಲಿ ನಮ್ಮ ಮೆಣಸಿನಕಾಯಿ ಇದ್ದವು, ಅಪ್ಪನ ಗಾಡಿಯಲ್ಲಿ ಉದುರಿದ ತುಂಡು ಕಾಯಿ, ಬಣ್ಣ ಹೋಗಿ ಬಿಳಿಚಿಕೊಂಡವು. ಮುಷ್ಟಿ ತುಂಬಿಕೊಂಡೆ. ಹೊರಗೆ ಅವಳು ಕಾಯುತ್ತ ಒಂದೇ ಸಮನೆ ಒಳಗೆ ನೋಡುತ್ತಿದ್ದಳು. ಕೂಸು ಕೂಡ ಅಳದೆ ನನ್ನನ್ನೇ ನೋಡುತ್ತಿತ್ತು. ಆಗ ಆ ಭಯ ಬಂತು. ಇವಳು ಅವನೇ ಆಗಿದ್ದರೆ? ಬೇಡವಾದದ್ದನ್ನು ಕೊಡುತ್ತಾಳೋ ಒಳ್ಳೆಯದನ್ನು ಕೊಡುತ್ತಾಳೋ ಎಂದು ನೋಡಲು ಬಂದಿದ್ದರೆ? ಮುಷ್ಟಿ ಬಿಚ್ಚಿ ಬಿಳಿ ಕಾಯಿಗಳನ್ನು ಡಬ್ಬಿಗೆ ಹಾಕಿದೆ. ತಲೆಯೆತ್ತಿದೆ. ಆ ಗಂಟು ನಮ್ಮದಲ್ಲ ಎಂದು ನನಗೆ ಗೊತ್ತಿತ್ತು, ಖಂಡಿತ ಗೊತ್ತಿತ್ತು. ಆದರೆ ಕೊಡವೂ ನಮ್ಮದಲ್ಲ, ಜೋಳವೂ ನಮ್ಮದಲ್ಲ, ನನ್ನ ಅಂಗಿಯೂ ನನ್ನದಲ್ಲ. ನಮ್ಮದಲ್ಲದ್ದನ್ನೇ ಅಲ್ಲವೇ ನಾವು ದಿನವೂ ಕೊಡುತ್ತಿದ್ದುದು? ಕಟ್ಟಿಗೆಯ ಮೇಲೆ ಹತ್ತಿ ಗಂಟು ಬಿಚ್ಚಿ ತಂದು ಅವಳ ಮಡಿಲಿಗೆ ಹಾಕಿದೆ. ಅವಳು ಬಿಚ್ಚಿ ನೋಡಿ ಬೆರಗಾಗಿ, "ತಾಯಿ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ನನ್ನ ಗಲ್ಲ ಮುಟ್ಟಿ ಹೋದಳು. ಯಾರಾದರೂ ನೋಡಿದ್ದರೆ ಎಂಥ ಉದಾರ ಹುಡುಗಿ ಎನ್ನುತ್ತಿದ್ದರು. ಅದು ಸುಳ್ಳು. ಅಷ್ಟು ಹೆದರಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಅವಳು ಓಣಿಯ ತಿರುವು ದಾಟಿದ ಮೇಲೆ ಬಾಗಿಲು ಹಾಕಿ ಒಳಗೆ ಬಂದೆ. ಬರಿದಾದ ಕೊಕ್ಕೆ ಕಂಡಿತು. ಆ ಗಳಿಗೆಯಲ್ಲಿ ನನಗೆ ತಿಳಿಯಿತು, ಒಡೆಯ ಬೇರೆ, ನೀಲವ್ವ ಬೇರೆ. ಓಡಿಹೋಗಿ ಓಣಿಯ ಕೊನೆಯವರೆಗೂ ನೋಡಿ ಬಂದೆ, ಹೆಂಗಸು ಕಾಣಲಿಲ್ಲ. ಅಳು ಬಂತು, ಆದರೆ ಅವ್ವ ಬರುವ ಹೊತ್ತಾಗಿತ್ತು, ಮುಖ ತೊಳೆದುಕೊಂಡೆ. ಅವ್ವ ಬಂದವಳು ರೊಟ್ಟಿ ಯಾರಿಗೆ ಹೋಯಿತು ಎಂದೂ ಕೇಳಲಿಲ್ಲ. ಕೇಳುವುದು ಶನಿವಾರ.

ಬುಧವಾರ, ಗುರುವಾರ ಹೇಗೆ ಕಳೆದವೆಂದು ಹೇಳಲಾರೆ. ಅವ್ವ ಒಲೆ ಊದಲು ಬಗ್ಗಿದರೆ ನನಗೆ ಜೀವ ಬಂದಂತೆ, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ಮುಖ ಮೇಲೆತ್ತಿದರೆ ಹೋದಂತೆ. ಅವಳ ಕಣ್ಣು ಆ ಮೂಲೆಗೆ ಹೋಗದಿರಲೆಂದು ನಾನೇ ಕಟ್ಟಿಗೆ ತಂದು ಕೊಡುತ್ತಿದ್ದೆ. "ಏನವಾ, ಈ ವಾರ ಭಾಳ ಶಾಣ್ಯಾ ಆಗೀದಿ" ಎಂದು ಅವ್ವ ತಲೆ ನೇವರಿಸಿದಳು. ಅನ್ನ ಸೇರಲಿಲ್ಲ. ಈ ಕೊಡ, ಈ ಜೋಳ ಯಾರದೆಂದು ಕೇಳಿದಾಗ ಸಾಮುವೇ ಇಬ್ಬರ ಪಾಲಿನ ಉತ್ತರ ಕೂಗಿದ. ನೀಲವ್ವನ ಕೆಮ್ಮು ಗೋಡೆಯಾಚೆ ಕೇಳಿದರೆ ಸಾಕು, ಕೈಯಲ್ಲಿದ್ದದ್ದು ಬೀಳುತ್ತಿತ್ತು. ನನ್ನ ತಲೆಯಲ್ಲಿ ಒಂದೇ ಚಿತ್ರ ಓಡುತ್ತಿತ್ತು. ನೀಲವ್ವ ಓಣಿಯವರನ್ನೆಲ್ಲ ಕರೆದುಕೊಂಡು ಬರುತ್ತಾಳೆ, ಅವ್ವ ಅಂಗಳದಲ್ಲಿ ಬಗ್ಗಿ ಏನನ್ನೋ ಎತ್ತಿಕೊಳ್ಳುತ್ತಾಳೆ.

ಶುಕ್ರವಾರ ಬೆಳಿಗ್ಗೆ ನೀಲವ್ವ ಬಂದಳು, ಒಬ್ಬಳೇ. ಬಾಗಿಲು ಬಡಿಯಲೂ ಇಲ್ಲ, "ಅಕ್ಕೋರ" ಎಂದು ಕೂಗಿದಳು. ಅವ್ವ ಬಾಗಿಲು ತೆರೆದು ಕೂರಲು ಚಾಪೆ ಹಾಸಿದಳು. ನೀಲವ್ವ ಕೂರಲಿಲ್ಲ.

"ಬೀಜದ ಗಂಟ ಕೊಡ್ರಿ. ಬಿಸಲಿಗೆ ಹಾಕಿ ನೋಡ್ತೇನಿ."

ಅವ್ವ ಅಡುಗೆಮನೆಗೆ ಹೋದಳು. ತಲೆಯೆತ್ತಿದಳು. ಕೊಕ್ಕೆಯನ್ನು ನೋಡಿದಳು, ತಿರುಗಿ ಬಾಗಿಲ ಮರೆಯಲ್ಲಿ ನಿಂತ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಎಲ್ಲವೂ ಬರೆದಿದ್ದಿರಬೇಕು. ನಾನು ಕಾದೆ, ಈಗ ಅವಳು ನನ್ನ ಕೈ ಹಿಡಿದು ಎಳೆದೊಯ್ದು ನೀಲವ್ವನ ಮುಂದೆ ನಿಲ್ಲಿಸುತ್ತಾಳೆ ಎಂದು. ಅವ್ವ ಸೆರಗು ಸರಿಮಾಡಿಕೊಂಡು ಹೊರಕೋಣೆಗೆ ಹೋದಳು. ಪಾಠ ಹೇಳುವಾಗಿನ ಅದೇ ಸ್ಪಷ್ಟ ದನಿಯಲ್ಲಿ ಹೇಳಿದಳು:

"ಇಲಿ ಕಡದಾವ್ರಿ ನೀಲವ್ವಾರ. ಪೂರಾ ಕಡದು ಹಾಳ ಮಾಡಿದ್ದುವು, ನಾವ ಒಗದಬಿಟ್ವಿ. ನಿಮಗ ಹೆಂಗ ಹೇಳಬೇಕಂತ..."

"ಇಲಿ?"

"ಹೂಂರಿ."

ನೀಲವ್ವ ಅವ್ವನ ಮುಖವನ್ನೇ ನೋಡಿದಳು. "ನಾ ಇದ ಬ್ಯಾಡಗ್ಯಾಗ ಹುಟ್ಟಿ, ಇದ ಬ್ಯಾಡಗ್ಯಾಗ ಮುದುಕಿ ಆಗೇನ್ರಿ. ಮೆಣಸಿನಕಾಯಿ ಗಂಟ ತಿಂದು ಮುಗಸೋ ಇಲಿ ಒಂದೂ ನೋಡಿಲ್ಲ" ಎಂದಳು. ಸೊಂಟದಿಂದ ಒಂದು ಬಟ್ಟೆ ತೆಗೆದು ಚಾಪೆಯ ಮೇಲಿಟ್ಟು ಹೊರಟುಹೋದಳು. ಇಳಕಲ್ ಸೀರೆಯ ತುಂಡು. ಓಣಿಯ ಮೂಲೆಯ ಗಿರಣಿಯಲ್ಲಿ ಆ ಹೆಂಗಸು ಅಷ್ಟೂ ಕಾಯಿಯನ್ನು ಪುಡಿ ಮಾಡಿಸಿಕೊಂಡು, ನಮ್ಮ ಮನೆಯ ಗುರುತು ಹೇಳಿ, ಅಲ್ಲಿಯ ಹುಡುಗಿ ಕೊಟ್ಟಳೆಂದು ಹೊಗಳಿ, ಬಟ್ಟೆ ಅಲ್ಲೇ ಬಿಟ್ಟು ಹೋಗಿದ್ದಳಂತೆ. ಗಿರಣಿಯವನು ಗುರುವಾರವೇ ನೀಲವ್ವನಿಗೆ ಎಲ್ಲ ಹೇಳಿದ್ದ. ಇದು ನಮಗೆ ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ತಿಳಿದದ್ದು ಇಷ್ಟೇ, ನೀಲವ್ವನಿಗೆ ಗೊತ್ತಿದೆ, ಗೊತ್ತಿದ್ದೂ ನಮ್ಮ ಬಾಯಿಂದ ಕೇಳಲು ಬಂದಿದ್ದಳು.

ಅವ್ವ ಬಾಗಿಲು ಹಾಕಿ ಅದಕ್ಕೇ ಒರಗಿದಳು. "ಯಾರಿಗೆ ಕೊಟ್ಟಿ?"

ಹೇಳಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ, ಬಿಳಿ ಕಾಯಿ ಡಬ್ಬಿಗೆ ಹಾಕಿದ್ದನ್ನೂ ಬಿಡದೆ. ಕೊನೆಗೆ ನನಗೇ ಗೊತ್ತಿಲ್ಲದ ಸಿಟ್ಟು ಬಂತು. "ನೀನ ಹೇಳಿದ್ಯಲ್ಲಬೇ, ಈ ಮನ್ಯಾಗ ಯಾವುದೂ ನಮ್ಮದಲ್ಲ ಅಂತ!" ಎಂದು ಚೀರಿದೆ. ಪಿಸುದನಿಯ ಆ ಮನೆಯಲ್ಲಿ ನಾನು ಹಾಗೆ ಚೀರಿದ್ದು ಅದೇ ಮೊದಲ ಸಲ. ಅವ್ವ ಬೈಯಲಿಲ್ಲ. ಕಣ್ಣು ಮುಚ್ಚಿ ಪ್ರಾರ್ಥನೆಯನ್ನೂ ಮಾಡಲಿಲ್ಲ. ಸೀರೆಯ ತುಂಡನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಅದನ್ನು ಕಂಡು ನನ್ನ ಸಿಟ್ಟು ಇಳಿದು, ಅದಕ್ಕಿಂತ ಕೆಟ್ಟದ್ದೊಂದು ಹತ್ತಿಕೊಂಡಿತು. ಅಲ್ಲಿಯವರೆಗೆ ನಾನು ಅವ್ವನಿಗೆ ಹೆದರುತ್ತಿದ್ದೆ, ಅವ್ವ ಯಾರಿಗೂ ಹೆದರದವಳು ಎಂಬ ಧೈರ್ಯದಲ್ಲಿ. ಈಗ ಆ ಧೈರ್ಯ ಹೋಯಿತು. ಇಡೀ ದಿನ ನಾನು ಅವಳ ಸೆರಗು ಬಿಡಲಿಲ್ಲ.

ಶನಿವಾರ ಪಾಠ ಮುಗಿಯಿತು. ಅಭ್ಯಾಸಬಲದಿಂದ ನಾನೇ ಎದ್ದು ಕರಿ ಬಾಗಿಲಿಗೆ ಬೆನ್ನು ಹಚ್ಚಿ ನಿಂತೆ. ಅವ್ವ ಚಾಪೆಯಿಂದ ಎದ್ದು ಬಂದು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಆಮೇಲೆ ತಾನೇ ಅಲ್ಲಿ ನಿಂತಳು.

"ಕುಂದ್ರು ನೀ. ಇವತ್ತ ನನ್ನ ಕೇಳ್ರಿ."

ನಾನು ಚಾಪೆಯ ತುದಿಗೆ ಕುಳಿತೆ. ಸಾಮುವಿಗೆ ಇದೊಂದು ಆಟವೆನಿಸಿತೋ ಏನೋ, ಚಕ್ಕಳಮಕ್ಕಳ ಹಾಕಿ ಕುಳಿತು ಅವ್ವನ ಹಾಗೆಯೇ ಗಂಟಲು ಸರಿಮಾಡಿಕೊಂಡ. ಮೊದಲೆರಡು ಪ್ರಶ್ನೆ ಬಿಟ್ಟು ನೇರ ಮೂರನೆಯದಕ್ಕೇ ಹೋದ.

"ಏನ ಮುಚ್ಚಿಟ್ಟಿ?"

"ಖರೇ ಮಾತ ಮುಚ್ಚಿಟ್ಟೆ" ಎಂದಳು ಅವ್ವ.

ಸಾಮು ನನ್ನ ಕಡೆ ನೋಡಿದ, ಮುಂದೇನು ಮಾಡಬೇಕು ಎಂಬಂತೆ. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವ್ವನೇ ಚಪ್ಪಲಿ ಮೆಟ್ಟಿ, ಸೀರೆಯ ತುಂಡು ಕೈಗೆ ತೆಗೆದುಕೊಂಡು, ನಮ್ಮಿಬ್ಬರ ಕೈ ಹಿಡಿದು ಬಾಗಿಲು ತೆರೆದಳು. ಮುಚ್ಚಲೂ ಇಲ್ಲ, ಹಾಗೇ ಬಿಟ್ಟು ನಡೆದಳು. ಪಕ್ಕದ ಮನೆ, ಇಪ್ಪತ್ತು ಹೆಜ್ಜೆ ಇದ್ದೀತು. ನಡುಮಧ್ಯಾಹ್ನದ ಬಿಸಿಲಿಗೆ ನೆಲ ಸುಡುತ್ತಿತ್ತು, ನಾನು ಬರಿಗಾಲಲ್ಲಿ ಬಂದಿದ್ದೆ. ಎದುರು ಮನೆಯ ಕಟ್ಟೆಯ ಮೇಲೆ ಕುಳಿತ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ನಮ್ಮನ್ನೇ ನೋಡಿದರು. ಹಿಂದಕ್ಕೆ ಓಡಿಹೋಗಬೇಕೆನಿಸಿತು. ಅವ್ವನ ಕೈ ಬೆವೆತು ಜಾರುತ್ತಿತ್ತು, ಜಾರಿದಷ್ಟೂ ಅವಳು ಗಟ್ಟಿ ಹಿಡಿಯುತ್ತಿದ್ದಳು.

ನೀಲವ್ವ ಬಾಗಿಲೊಳಗೆ ನೆರಳಲ್ಲಿ ಕುಳಿತು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ತಲೆಯೆತ್ತಲಿಲ್ಲ. ಅವ್ವ ಹೊಸ್ತಿಲ ಹೊರಗೇ ನಿಂತಳು. ಇಷ್ಟು ದಿನ ಒಂದೇ ಗೋಡೆ ಹಂಚಿಕೊಂಡು ಬದುಕಿದ್ದರೂ ಅವ್ವ ಒಂದು ಸಲವೂ ಆ ಹೊಸ್ತಿಲು ದಾಟಿರಲಿಲ್ಲ. ಕರೆದಾಗಲೆಲ್ಲ ಏನೋ ನೆಪ ಹೇಳುತ್ತಿದ್ದಳು. ನಾವು ಒಳಗೆ ಹೋದರೆ ಅವರಿಗೆ ಆದೀತೋ ಇಲ್ಲವೋ ಎಂಬ ಅಳುಕು ಅವಳಿಗೆ.

"ನೀಲವ್ವಾರ, ಇಲಿ ಕಡದಿಲ್ರಿ. ನಾ ಸುಳ್ಳ ಹೇಳಿದೆ."

"ಗೊತ್ತೈತಿ."

"ನಮ್ಮ ಹುಡುಗಿ ಹಸದು ಬಂದಾಕಿಗೆ ಕೊಟ್ಟಾಳ. ಆಕಿದು ತಪ್ಪಲ್ರಿ. ಯಾವುದೂ ನಮ್ಮದಲ್ಲ ಅಂತ ನಾನ ಕಲಿಸಿದೆ. ಮಂದೀದು ಮಂದೀದ ಅಂತ ಕಲಸೂದ ಮರತೆ."

ನೀಲವ್ವ ಒಂದು ಶೇಂಗಾ ಒಡೆದು ಕಾಳು ಮೊರಕ್ಕೆ ಹಾಕಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಅವ್ವನ ಸೀರೆಯ ನೆರಿಗೆಯಲ್ಲಿ ಮುಖ ಮುಚ್ಚಿಕೊಂಡೆ.

"ನಮ್ಮತ್ತಿ ಕೊಟ್ಟ ಬೀಜ ಅಕ್ಕೋರ ಅದು. ಹೋತು. ಹೊಟ್ಟಿ ಉರಿತೈತಿ, ಇಲ್ಲ ಅನ್ನಂಗಿಲ್ಲ. ಈ ಹುಡುಗಿ ಬಂದು, ಆಯಿ, ಹಿಂಗ ಮಾಡೇನಿ ಅಂದಿದ್ರ ನಾಕ ಬೈತಿದ್ದೆ, ಅತ್ತು ಸುಮ್ಮನಾಗ್ತಿದ್ದೆ. ನೀವು ನನ್ನ ಕಣ್ಣಾಗ ಕಣ್ಣಿಟ್ಟು ಇಲಿ ಅಂದ್ರಿ. ನಿನ್ನೆಯಿಂದ ಅದ ಚುಚ್ಚಾಕತ್ತೈತಿ. ನನಗ ಅಷ್ಟ ಅಂಜತೀರೇನ್ರಿ ನೀವು?"

ಅವ್ವ ಇಲ್ಲವೆನ್ನುತ್ತಾಳೆ ಎಂದುಕೊಂಡೆ. ಮೇಲಿರುವ ಒಬ್ಬನನ್ನು ಬಿಟ್ಟು ಯಾರಿಗೂ ಅಂಜಬಾರದು ಎಂದು ವಾರಕ್ಕೊಮ್ಮೆ ನಮ್ಮಿಂದ ಬಾಯಿಪಾಠ ಮಾಡಿಸುತ್ತಿದ್ದವಳು ಅವಳೇ. ಅವಳು ಸೀರೆಯ ತುಂಡನ್ನು ಮತ್ತೊಮ್ಮೆ ಮಡಿಚಿದಳು.

"ಅಂಜತೇನ್ರಿ" ಎಂದಳು. "ನಿಮಗೂ ಅಂಜತೇನಿ, ಈ ಓಣಿಗೂ ಅಂಜತೇನಿ. ಯಾರರ ಬಾಗಲಾ ಬಡದ್ರ ನನ್ನ ಕೈಕಾಲ ನಡಗತಾವು. ಒಂದ ರೊಟ್ಟಿ ಕೊಡಬೇಕಾದ್ರೂ ಅಂಜತೇನಿ."

ಎದುರು ಕಟ್ಟೆಯ ಹೆಂಗಸರಿಗೆ ಅದು ಕೇಳಿಸಿರಬೇಕು. ಅವ್ವ ದನಿ ತಗ್ಗಿಸಲಿಲ್ಲ. ನೀಲವ್ವ ಮೊರವನ್ನು ಗೋಡೆಯ ಕಡೆ ಸರಿಸಿದಳು, ಸಿಪ್ಪೆ ಬಿದ್ದಿದ್ದ ಜಾಗವನ್ನು ಅಂಗೈಯಿಂದ ಒರೆಸಿದಳು.

"ಹಂಗಾರ ಒಳಗ ಬಂದು ಕುಂತ ಅಂಜ್ರಿ. ಹೊರಗ ಬಿಸಲ ಭಾಳ ಐತಿ."